ಕುದುರೆಯ ಬೆಲೆ ಕೊಟ್ಟವರು: ಬಹಮನಿ ಬೀದರದ ಆರ್ಥಿಕ ಚರಿತ್ರೆ



1422ರಲ್ಲಿ ಗುಲ್ಬರ್ಗದ ಬಹಮನಿ ಗದ್ದುಗೆಗಾಗಿ ಅಣ್ಣತಮ್ಮಂದಿರ ನಡುವೆ ಕಾಳಗ ನಡೆಯಿತು. ಅಣ್ಣ ಫಿರೋಜ್ ಶಾಹ ಆಗ ಸುಲ್ತಾನ. ತಮ್ಮ ಅಹ್ಮದ್ ಖಾನ್ ಜೀವ ಉಳಿಸಿಕೊಳ್ಳಲು ರಾಜಧಾನಿ ಬಿಟ್ಟು ಓಡಿದ್ದ. ಬೆನ್ನ ಹಿಂದೆ ಅರಮನೆಯ ದಂಡು, ಜೊತೆಗೆ ಹಿಡಿಯಷ್ಟು ಜನ. ಆಗ ಅವನ ಕೈ ಹಿಡಿದವನು ಬಸ್ರಾದಿಂದ ಬಂದಿದ್ದ ವರ್ತಕ ಖಲಫ್ ಹಸನ್. ಚರಿತ್ರೆಕಾರ ಫಿರಿಶ್ತಾ ಹೇಳುವ ಪ್ರಕಾರ, ಹತ್ತಿರದಲ್ಲೇ ಧಾನ್ಯ ಹೇರುವ ಬಂಜಾರರು 2,000 ಎತ್ತುಗಳೊಂದಿಗೆ ಬೀಡು ಬಿಟ್ಟಿದ್ದರು, ಲಾಹೋರಿನ ಕುದುರೆ ವ್ಯಾಪಾರಿಗಳು 300 ಕುದುರೆಗಳೊಂದಿಗೆ ತಂಗಿದ್ದರು. ಖಲಫ್ ಹಸನ್ ಆ ಕುದುರೆಗಳನ್ನು ಪಡೆದ, ಎತ್ತುಗಳ ಮೇಲೂ ಆಳುಗಳನ್ನು ಹತ್ತಿಸಿದ, ಕೈಗೆ ಬಣ್ಣದ ಬಾವುಟ ಕೊಟ್ಟ, ದೂರದಲ್ಲಿ ಸಾಲಾಗಿ ನಿಲ್ಲಿಸಿದ. ಧೂಳೆದ್ದಿತು. ಎದುರಿನವರು ಹೊಸ ಅಶ್ವದಳ ಬಂತೆಂದು ನಂಬಿದರು, ಕದಲಿದರು. ಅಹ್ಮದ್ ಸುಲ್ತಾನನಾದ. ಖಲಫ್ ಹಸನನಿಗೆ ಮಲಿಕ್-ಉತ್-ತುಜ್ಜಾರ್, ಅಂದರೆ ವರ್ತಕರ ಒಡೆಯ, ಎಂಬ ಬಿರುದು ಸಿಕ್ಕಿತು.

ಫಿರಿಶ್ತಾ ಇದನ್ನು ಬರೆದದ್ದು ಬಿಜಾಪುರದಲ್ಲಿ, ಸುಮಾರು ಎರಡು ಶತಮಾನದ ನಂತರ. ಬಾವುಟದ ಬಣ್ಣ, ಎತ್ತುಗಳ ಲೆಕ್ಕ ಎಲ್ಲವನ್ನೂ ಅಕ್ಷರಶಃ ನಂಬಬೇಕಿಲ್ಲ. ಆದರೆ ಆರ್ಥಿಕ ಚರಿತ್ರೆ ಓದುವವನಿಗೆ ಈ ಕಥೆ ಬಹಳ ದೊಡ್ಡದು. ಒಂದು ಗದ್ದುಗೆಯ ಪಾಲು ನಿರ್ಧಾರವಾಗುವ ಹೊತ್ತಿಗೆ ದಾರಿಯ ಬದಿಯಲ್ಲಿ ಧಾನ್ಯದ ಎತ್ತು, ಮಾರಾಟದ ಕುದುರೆ, ಸಾಲ ಕೊಡಬಲ್ಲ ವರ್ತಕ, ಮೂರೂ ಒಟ್ಟಿಗೆ ಇದ್ದವು ಎಂಬುದು ದಖನ್ನಿನ ಓದುಗರಿಗೆ ಸಹಜವಾಗಿ ಕಂಡಿತ್ತು. ಆ ಅಹ್ಮದ್ ಶಾಹನೇ ಮುಂದೆ ರಾಜಧಾನಿಯನ್ನು ಗುಲ್ಬರ್ಗದಿಂದ ಬೀದರಕ್ಕೆ ತಂದ. 1432ರ ಹೊತ್ತಿಗೆ ಕೋಟೆ ಎದ್ದು ನಿಂತಿತು.

ಇಂದಿನ ಉಪನ್ಯಾಸದಲ್ಲಿ ನಾನು ಕೇಳಲು ಹೊರಟಿರುವುದು ಒಂದೇ ಪ್ರಶ್ನೆ. ಹದಿನೈದನೆಯ ಶತಮಾನದ ಬೀದರಕ್ಕೆ ಪಾರಸಿ ಕಡಲಿನ ಹೊರ್ಮುಜ್‌ನಿಂದ ಕುದುರೆ ಬಂತು, ಇರಾನಿನಿಂದ ವಿದ್ವಾಂಸರು ಬಂದರು, ರೇಷ್ಮೆ ಬಂತು, ಮದರಸಾದ ಗೋಡೆಗೆ ಬಣ್ಣದ ಹೆಂಚು ಬಂತು. ಇದಕ್ಕೆಲ್ಲ ಬೆಲೆ ತೆತ್ತವರು ಯಾರು? ಕೋಟೆಯ ಚರಿತ್ರೆ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಉತ್ತರ ಸಿಗಬೇಕಾದರೆ ಕೋಟೆಯ ಹೊರಗೆ, ಮಾಂಜ್ರಾ ಕಣಿವೆಯ ಎರೆಹೊಲಕ್ಕೆ ಇಳಿಯಬೇಕು.

ಮೊದಲು ನೆಲ. ಬೀದರ ನಗರ ಕುಳಿತಿರುವುದು ಜಂಬಿಟ್ಟಿಗೆಯ ಎತ್ತರದ ಹಾಸಿನ ಮೇಲೆ, ಸಮುದ್ರಮಟ್ಟದಿಂದ 650 ಮೀಟರಿಗೂ ಎತ್ತರದಲ್ಲಿ. ಕೆಂಪು ನೆಲ, ತಂಪು ಗಾಳಿ, ಕಡಿದರೆ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುವ ಕಲ್ಲು. ಕೋಟೆ ಕಟ್ಟಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿರಲಿಲ್ಲ, ಆದರೆ ಹೊಟ್ಟೆ ತುಂಬಿಸಲು ಈ ನೆಲ ಸಾಲದು. ಅಂಚಿನಿಂದ ಕೆಳಗಿಳಿದರೆ ಬಣ್ಣ ಬದಲಾಗುತ್ತದೆ. ಭಾಲ್ಕಿಯ ಕಡೆಗೂ ಮಾಂಜ್ರಾ ದಾಟಿ ಔರಾದದ ಕಡೆಗೂ ಕಪ್ಪು ಮಣ್ಣು. ಮುಂಗಾರಿಯಲ್ಲಿ ಉದ್ದು, ಹೆಸರು, ತೊಗರಿ, ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ. ಊರು ಮೇಲೆ, ಉಗ್ರಾಣ ಕೆಳಗೆ. ನಕ್ಷೆ ತೆರೆದು ನೋಡಿ: ಮಾಹೂರ, ವರಾಡದ ದಿಕ್ಕಿಗೆ ಬಡಗಣಕ್ಕೆ ಹೊರಟವರು ಔರಾದದ ಸೀಮೆಯನ್ನು ಹಾಯಬೇಕು, ಪಡುವಣ ಕಡಲಿಗೆ ಹೊರಟವರಿಗೆ ಭಾಲ್ಕಿ ಇಲ್ಲವೇ ಕಲ್ಯಾಣ ದಾರಿ, ಮೂಡಣಕ್ಕೆ ತೆಲಂಗಾಣ. ಬೀದರವನ್ನು ರಾಜಧಾನಿಯಾಗಿ ಆರಿಸಿದವರು ಹವೆಯನ್ನು ಮೆಚ್ಚಿದರೆಂದು ಹೇಳುವುದುಂಟು. ಹವೆಯ ಜೊತೆಗೆ ಮೂರು ಭಾಷೆಗಳ ಫಲವತ್ತಾದ ಅಂಚಿನ ನಟ್ಟನಡುವೆ ಕುಳಿತುಕೊಳ್ಳುವ ಲಾಭವನ್ನೂ ಅವರು ಎಣಿಸಿದ್ದರು ಎಂಬುದು ನನ್ನ ನಂಬಿಕೆ.

ಈ ದಾರಿಗಳು ಬಹಮನಿಗಳು ತೆರೆದವಲ್ಲ. ಅವರಿಗಿಂತ ಇನ್ನೂರು ಮುನ್ನೂರು ವರ್ಷ ಮೊದಲು ಕಲ್ಯಾಣ ಚಾಲುಕ್ಯರ ರಾಜಧಾನಿ ಇದೇ ಜಿಲ್ಲೆಯಲ್ಲಿತ್ತು. ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದ ಹೆಸರು ಆ ಕಾಲದ ಶಾಸನಗಳಲ್ಲಿ ದಕ್ಷಿಣ ಭಾರತದ ಉದ್ದಕ್ಕೂ ಸಿಗುತ್ತದೆ. ಬಿಜ್ಜಳನ ಭಂಡಾರ ನೋಡಿಕೊಂಡ ಬಸವಣ್ಣನವರು ಕಲ್ಯಾಣದಲ್ಲಿ ಕಂಡದ್ದು ಹಣ ಓಡಾಡುವ ಊರನ್ನು. ಕಾಯಕ, ದಾಸೋಹಗಳ ವಿಚಾರ ಅಂಥ ಊರಿನಲ್ಲಿ ಹುಟ್ಟಿದ್ದು ಆಕಸ್ಮಿಕವಲ್ಲ. ಅದು ಇನ್ನೊಂದು ಉಪನ್ಯಾಸದ ವಿಷಯ.

ಈ ದಾರಿಗಳಲ್ಲಿ ಸಾರ್ಥ, ಅಂದರೆ ವರ್ತಕರ ಸಾಲು, ನಿಲ್ಲಬೇಕಾದರೆ ನೀರು ಬೇಕು. ನೂರಾರು ಎತ್ತು, ಕುದುರೆ ಒಂದೇ ಸಂಜೆ ಬಂದಿಳಿದರೆ ಸೇದುವ ಬಾವಿ ಸಾಲುವುದಿಲ್ಲ. ನೌಬಾದಿನ ಸುರಂಗ ಬಾವಿ, ನಾವು ಈಗ ಕರೇಜ್ ಎಂದು ಕರೆಯುವುದು, ಈ ಅಗತ್ಯಕ್ಕೆ ಕೊಟ್ಟ ಉತ್ತರ. ಮಳೆನೀರು ಜಂಬಿಟ್ಟಿಗೆಯೊಳಗೆ ಇಂಗಿ, ಕೆಳಗಿನ ಕರಿಕಲ್ಲಿನ ಪದರ ತಾಗಿದಲ್ಲಿ ನಿಲ್ಲುತ್ತದೆ. ಆ ಸಂದಿಯನ್ನು ಹುಡುಕಿ, ನೆಲದಡಿಯಲ್ಲಿ ಕಾಲುವೆ ಕೊರೆದು, ಅಲ್ಪ ಇಳಿಜಾರಿನಲ್ಲಿ ನೀರನ್ನು ಹೊರಗೆ ಹರಿಸಿದರು. ಮೇಲೆ ಸಾಲಾಗಿ 21 ಗಾಳಿಬಾವಿಗಳು. ಉದ್ದ ಎರಡು ಕಿಲೋಮೀಟರಿಗೂ ಹೆಚ್ಚು. ವಿದ್ಯೆ ಇರಾನಿನದು, ಕಲ್ಲು ನಮ್ಮದು. ಹಗ್ಗವಿಲ್ಲದೆ, ಕಪಿಲೆಯಿಲ್ಲದೆ, ಯಾರ ರಟ್ಟೆಯ ಬಲವೂ ಇಲ್ಲದೆ ಹಗಲಿರುಳು ಹರಿದು ಬರುವ ನೀರು ದಾರಿಯ ಮೇಲೆ ಬದುಕುವ ಊರಿಗೆ ಎಂಥ ಬಂಡವಾಳ ಎಂಬುದನ್ನು ಬೇಸಿಗೆಯಲ್ಲಿ ದನ ಸಾಕಿದವರು ಬಲ್ಲರು. 2014ರಲ್ಲಿ ಬೀದರದ ಐತಿಹಾಸಿಕ ನಗರ ಜಗತ್ತಿನ ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದರೆ ಸಾಲದು. ಗಾಳಿಬಾವಿಗಳ ಮೇಲೆ ಮನೆ ನಿವೇಶನ ಬೀಳದಂತೆ ಕಾಯುವ ಕೆಲಸ ನಮ್ಮದು.

ಇನ್ನು ಕುದುರೆ. ಅಫನಾಸಿ ನಿಕಿತಿನ್ ಎಂಬ ರಷ್ಯದ ತ್ವೇರ್ ಊರಿನ ವ್ಯಾಪಾರಿ ಹೊರ್ಮುಜ್‌ನಿಂದ ಒಂದು ಗಂಡು ಕುದುರೆಯೊಂದಿಗೆ ಹಡಗು ಹತ್ತಿ, ಸುಮಾರು 1469ರಲ್ಲಿ ಚೌಲ್ ಬಂದರಿನಲ್ಲಿ ಇಳಿದ. ಕುದುರೆಯ ಮೇಲೆ ಅವನು ಹಾಕಿದ್ದ ಹಣ ನೂರು ರೂಬಲ್. ಚೌಲ್‌ನಿಂದ ಪಾಲಿಗೆ ಎಂಟು ದಿನ, ಅಲ್ಲಿಂದ ಉಮ್ರಿಗೆ ಹತ್ತು, ಮತ್ತೆ ಜುನ್ನರಿಗೆ ಆರು ಎಂದು ಅವನು ದಾರಿಯ ಲೆಕ್ಕ ಬರೆದಿದ್ದಾನೆ. ಜುನ್ನರಿನಲ್ಲಿ ಅಲ್ಲಿನ ಅಧಿಕಾರಿ ಅಸದ್ ಖಾನ್ ಕುದುರೆಯನ್ನು ಕಿತ್ತುಕೊಂಡ. ಮತ ಬದಲಿಸಿದರೆ ಕುದುರೆಯ ಜೊತೆ ಹಣವನ್ನೂ ಕೊಡುತ್ತೇನೆ, ಇಲ್ಲವಾದರೆ ಕುದುರೆಯನ್ನು ಇಟ್ಟುಕೊಂಡು ನಿನ್ನಿಂದಲೇ ಹಣ ವಸೂಲು ಮಾಡುತ್ತೇನೆ ಎಂದ. ಖುರಾಸಾನಿನ ಮುಹಮ್ಮದ್ ಎಂಬ ಖ್ವಾಜಾ ಮಧ್ಯೆ ಬಂದು ಕುದುರೆಯನ್ನು ಬಿಡಿಸಿಕೊಟ್ಟ. ನಿಕಿತಿನ್ ಅದನ್ನು ಬೀದರಕ್ಕೆ ತಂದು, ಬಹಳ ಕಾಲ ಮೇವು ಹಾಕಿ ಸಾಕಿ, ಕೊನೆಗೆ ಕ್ರಿಸ್‌ಮಸ್ ಹೊತ್ತಿಗೆ ಮಾರಿದ.

ಒಂದೇ ಒಂದು ಕುದುರೆಯ ಈ ಪಯಣದಲ್ಲಿ ಇಡೀ ವ್ಯಾಪಾರದ ಸ್ವರೂಪವಿದೆ. ಹೊರ್ಮುಜ್‌ನಲ್ಲಿ ಸುಂಕ, ಕಡಲಲ್ಲಿ ಕಳ್ಳರ ಭಯ, ಘಟ್ಟದಲ್ಲಿ ಮಳೆಗಾಲದ ತಡೆ, ನಡುದಾರಿಯಲ್ಲಿ ಅಧಿಕಾರಿಯ ಕೈ, ಬೀದರದಲ್ಲಿ ಗಿರಾಕಿ ಸಿಗುವವರೆಗಿನ ಮೇವಿನ ಖರ್ಚು. ಈ ಕೊನೆಯ ಖರ್ಚಿನ ಬಗ್ಗೆ ನಿಕಿತಿನ್ ಹೇಳುವ ಒಂದು ವಿವರದ ಮೇಲೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಈ ನಾಡಿನಲ್ಲಿ ಕುದುರೆ ಹುಟ್ಟುವುದಿಲ್ಲ, ಎತ್ತು ಎಮ್ಮೆ ಹುಟ್ಟುತ್ತವೆ, ಹೇರು ಹೊರುವುದು ಅವೇ ಎಂದು ಅವನು ಬರೆಯುತ್ತಾನೆ. ಕುದುರೆಗೆ ಹಾಕುವುದು ಕಡಲೆ. ಸಕ್ಕರೆ, ಬೆಣ್ಣೆ ಹಾಕಿ ಬೇಯಿಸಿದ ಖಿಚಡಿ.

ಕಡಲೆ ಎಲ್ಲಿಂದ ಬರಬೇಕು? ಬೀದರದ ಕೆಂಪು ನೆಲದಿಂದ ಅಷ್ಟು ಬಾರದು. ಬರಬೇಕಾದದ್ದು ಹಿಂಗಾರಿಯ ಎರೆಹೊಲದಿಂದ. ಒಂದು ಕುದುರೆಗೆ ದಿನಕ್ಕೆ ಎರಡೇ ಸೇರು ಎಂದು ಹಿಡಿಯೋಣ. ವರ್ಷಕ್ಕೆ 730 ಸೇರು, ಹೆಚ್ಚುಕಡಿಮೆ ಏಳು ಕ್ವಿಂಟಾಲ್. ಇಂದಿನ ಸುಧಾರಿತ ತಳಿ ಬಿತ್ತಿದ ಒಣಬೇಸಾಯದಲ್ಲೂ ಎಕರೆಗೆ ನಾಲ್ಕೈದು ಕ್ವಿಂಟಾಲ್ ಬಂದರೆ ರೈತ ಸಮಾಧಾನಪಡುತ್ತಾನೆ. ಹಾಗಾದರೆ ಒಂದು ಕುದುರೆಯ ಹಿಂದೆ ಒಂದೂವರೆ ಎಕರೆ ಕಡಲೆ. ಹತ್ತು ಸಾವಿರ ಕುದುರೆಯ ಲಾಯವೆಂದರೆ ಹದಿನೈದು ಸಾವಿರ ಎಕರೆ; ಹಳೆಯ ಇಳುವರಿಗೆ ಇದರ ಇಮ್ಮಡಿಯೂ ಆಗಬಹುದು. ಇದು ನನ್ನ ಅಂದಾಜಿನ ಲೆಕ್ಕ, ದಾಖಲೆಯದಲ್ಲ. ಆದರೆ ಅಂದಾಜು ಹಾಕಿದ ಕೂಡಲೇ ಚಿತ್ರ ತಿರುಗುತ್ತದೆ. ಹೊರ್ಮುಜ್‌ನ ವರ್ತಕ ಕುದುರೆ ತಂದ, ನಿಜ. ಅದನ್ನು ಬೀದರದಲ್ಲಿ ಜೀವಂತ ಇಟ್ಟವನು ಹಿಂಗಾರಿಯ ಮಂಜಿನಲ್ಲಿ ಕಡಲೆ ಕಿತ್ತವನು. ಜೋಳದ ದಂಟಿಗೆ, ಅಂದರೆ ಕಣಿಕೆಗೆ, ಬೇರೆಯೇ ಲೆಕ್ಕ ಹಾಕಬೇಕು.

ಕುದುರೆಯ ಇನ್ನೊಂದು ಗುಣವನ್ನು ಮರೆಯಬಾರದು. ಅದು ಸಾಯುತ್ತದೆ. ದಕ್ಷಿಣದ ಬಿಸಿಲಿನಲ್ಲಿ, ಹೊಂದದ ಮೇವಿನಲ್ಲಿ, ಯುದ್ಧದಲ್ಲಿ ಬೇಗ ಸಾಯುತ್ತದೆ, ಇಲ್ಲಿ ಚೆನ್ನಾಗಿ ಮರಿ ಹಾಕುವುದೂ ಇಲ್ಲ. ಬಂಗಾರ ಕೊಟ್ಟು ಕೊಂಡದ್ದು ಐದಾರು ವರ್ಷದಲ್ಲಿ ಮಣ್ಣಾಗಿ, ಮತ್ತೆ ಕೊಳ್ಳಬೇಕಾಗುತ್ತದೆ. ವಿಜಯನಗರಕ್ಕೂ ಇದೇ ಕಷ್ಟ. ಇಬ್ಬರೂ ಒಂದೇ ಕಡಲಿನ ಕುದುರೆಗಾಗಿ ಪೈಪೋಟಿ ಮಾಡುತ್ತಿದ್ದರು, ಬೆಲೆ ಏರುತ್ತಿತ್ತು. ಬಹಮನಿ ಮತ್ತು ವಿಜಯನಗರದ ಯುದ್ಧಗಳನ್ನು ರಾಯಚೂರು ದೋಆಬಿನ ಜಗಳವೆಂದು ಶಾಲೆಯಲ್ಲಿ ಓದಿಸುತ್ತೇವೆ. ದೋಆಬಿನಷ್ಟೇ ಗೋವೆ, ದಾಭೋಳ, ಚೌಲ್ ಬಂದರುಗಳೂ ಆ ಜಗಳದ ಮೂಲ.

ಕುದುರೆ ಕೈ ಬದಲಾಗುತ್ತಿದ್ದ ದೊಡ್ಡ ಜಾಗ ಆಳಂದ. ಬೀದರದಿಂದ ಹನ್ನೆರಡು ಕೋಸು ಎಂದು ನಿಕಿತಿನ್ ಬರೆದಿದ್ದಾನೆ. ಶೇಖ್ ಅಲಾವುದ್ದೀನರ, ನಾವು ಲಾಡ್ಲೆ ಮಶಾಯಕರೆಂದು ಕರೆಯುವ ಸಂತರ, ಉರುಸಿನ ಹೊತ್ತಿಗೆ ಹತ್ತು ದಿನ ಜಾತ್ರೆ. ಮಾರಾಟಕ್ಕೆ ಇಪ್ಪತ್ತು ಸಾವಿರ ಕುದುರೆ. ಇಪ್ಪತ್ತು ಸಾವಿರ ಎಂಬುದು ಬೆರಗಿನಲ್ಲಿ ಬಂದ ಸಂಖ್ಯೆಯಿರಬಹುದು. ಆದರೂ ಗಮನಿಸಬೇಕಾದದ್ದು, ಆ ಕಾಲದ ದೊಡ್ಡ ಮಾರುಕಟ್ಟೆ ಸಂತನ ನೆರಳಿನಲ್ಲಿ ನಡೆಯುತ್ತಿತ್ತು. ಗುರುತು ಪರಿಚಯವಿಲ್ಲದ ನೂರು ಊರಿನವರು ಸೇರುವಲ್ಲಿ ಮಾತಿಗೆ ತಪ್ಪದಿರಲು ಒಂದು ಹೆದರಿಕೆ, ಒಂದು ಗೌರವ ಬೇಕು. ದರ್ಗಾ ಅದನ್ನು ಒದಗಿಸಿತು. ನಮ್ಮ ಕಡೆ ಜಾತ್ರೆಯೂ ದನದ ಸಂತೆಯೂ ಇಂದಿಗೂ ಜೊತೆಜೊತೆಯಾಗಿ ನಡೆಯುವುದನ್ನು ಕಂಡವರಿಗೆ ಇದು ಹೊಸದಲ್ಲ. ದೇವಣಿ ಹೋರಿಯ ಹಲ್ಲು ನೋಡಿ, ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ದಲ್ಲಾಳಿ ಗುಡಿಯ ಮುಂದೆ ಆಡಿದ ಮಾತಿನಿಂದ ಹಿಂದೆ ಸರಿಯುವುದಿಲ್ಲ.

ಈಗ ಹಣಕ್ಕೆ ಬರೋಣ. ಬಹಮನಿ ರಾಜ್ಯ 1347ರಲ್ಲಿ ಹುಟ್ಟಿದಾಗ ತನ್ನದೇ ಟಂಕ ಹೊಡೆಸಿತು. ಅದನ್ನು ಚಲಾವಣೆಯಲ್ಲಿ ಉಳಿಸುವುದು ಬೇರೆ ಮಾತು. ಫಿರಿಶ್ತಾ ಹೇಳುವಂತೆ ಒಂದನೆಯ ಮುಹಮ್ಮದ್ ಶಾಹನ ಕಾಲದಲ್ಲಿ, ಸುಮಾರು 1360ರಲ್ಲಿ, ಇಲ್ಲಿನ ಸರಾಫರು ಸುಲ್ತಾನನ ನಾಣ್ಯ ಕೈಗೆ ಬಂದ ಕೂಡಲೇ ಕರಗಿಸಿಬಿಡುತ್ತಿದ್ದರು. ಪೇಟೆಯಲ್ಲಿ ನಡೆಯಬೇಕಾದದ್ದು ಹೊನ್ನು, ಹಣ ಎಂಬ ಹಳೆಯ ನಾಣ್ಯವೇ ಎಂಬುದು ಅವರ ಹಟ. ಸುಲ್ತಾನ ಸರಾಫರನ್ನು ಕೊಲ್ಲಿಸಿ, ಉತ್ತರದಿಂದ ಬಂದ ಖತ್ರಿಗಳಿಗೆ ಆ ಕೆಲಸ ಕೊಟ್ಟನಂತೆ. ಘಟನೆ ಹೀಗೆಯೇ ನಡೆಯಿತೋ ಇಲ್ಲವೋ, ಗೆದ್ದವರು ಯಾರು ಎಂಬುದಕ್ಕೆ ಫಿರಿಶ್ತಾನ ಇನ್ನೊಂದು ಪುಟವೇ ಸಾಕ್ಷಿ. ನೂರು ವರ್ಷ ಕಳೆದ ಮೇಲೂ ಬಹಮನಿ ಸರದಾರರ ಸಂಬಳವನ್ನು ಅವನು ಎಣಿಸುವುದು ಹೊನ್ನಿನಲ್ಲೇ. ಸುಮಾರು ಮೂರೂವರೆ ಗ್ರಾಂ ತೂಗುವ ಆ ಪುಟ್ಟ ಬಂಗಾರದ ಬಿಲ್ಲೆ ವಿಜಯನಗರದ ಟಂಕಸಾಲೆಯಲ್ಲಿ ಹುಟ್ಟಿ ಎರಡೂ ರಾಜ್ಯಗಳಲ್ಲಿ ಓಡಾಡಿತು. ಕೃಷ್ಣೆಯ ಎರಡೂ ದಡದಲ್ಲಿ ದಂಡು ಕಾದಾಡುತ್ತಿರುವಾಗ ಪೇಟೆ ಒಂದೇ ಆಗಿತ್ತು.

ಸಂಬಳದ ಆ ಪುಟವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಐನೂರು ಸವಾರರ ಸರದಾರನಿಗೆ ವರ್ಷಕ್ಕೆ ಒಂದು ಲಕ್ಷ ಹೊನ್ನು ಎಂಬುದು ಮೊದಲಿನ ನಿಯಮ. ಮಂತ್ರಿ ಮಹಮೂದ್ ಗವಾನ್ ಅದನ್ನು ಒಂದೂಕಾಲು ಲಕ್ಷಕ್ಕೆ ಏರಿಸಿದ. ಜಾಗೀರಿನ ಹುಟ್ಟುವಳಿ ಕಡಿಮೆ ಬಿದ್ದರೆ ಖಜಾನೆ ತುಂಬಿಕೊಡಬೇಕು. ಸರದಾರ ಒಬ್ಬ ಸವಾರನನ್ನು ಕಡಿಮೆ ಇಟ್ಟರೂ ಅಷ್ಟು ಹಣ ಮುರಿದುಕೊಳ್ಳಬೇಕು. ಭಾಗಿಸಿ ನೋಡಿದರೆ ಸವಾರನೊಬ್ಬನ ಲೆಕ್ಕಕ್ಕೆ 200 ಹೊನ್ನು ಇದ್ದದ್ದು 250 ಆಯಿತು. ಅದರಲ್ಲಿ ದೊಡ್ಡ ಪಾಲು ಕುದುರೆಯದು. ಹೊನ್ನಿನ ಹೊಳೆ ಜಾಗೀರಿನ ಹಳ್ಳಿಯಿಂದ ಸರದಾರನಿಗೆ, ಸರದಾರನಿಂದ ಕುದುರೆ ವ್ಯಾಪಾರಿಗೆ, ಅಲ್ಲಿಂದ ಬಂದರಿಗೆ ಹರಿಯಿತು. ಭೂಕಂದಾಯವೇ ಆಮದಿನ ಹಣವಾಯಿತು. ಬೀದರವನ್ನು ವ್ಯಾಪಾರದಿಂದ ಬದುಕಿದ ರಾಜ್ಯ ಎನ್ನುವಾಗ ಈ ಮಾತನ್ನು ಸೇರಿಸದೆ ಹೋದರೆ ಅರ್ಧ ಸತ್ಯ ಹೇಳಿದಂತೆ. ಹಳ್ಳಿಯವರು ಬಹಳ ಬಡವರು, ದೊಡ್ಡವರು ಬೆಳ್ಳಿಯ ಪಲ್ಲಕ್ಕಿಯಲ್ಲಿ ಹೋಗುತ್ತಾರೆ ಎಂದು ನಿಕಿತಿನ್ ಬರೆದದ್ದು ಇದೇ ವರ್ಷಗಳಲ್ಲಿ. ಕುದುರೆ, ರೇಷ್ಮೆಗಳ ಜೊತೆಗೆ ಬೀದರದ ಪೇಟೆಯಲ್ಲಿ ಕಪ್ಪು ಜನರನ್ನೂ ಗುಲಾಮರಾಗಿ ಮಾರುತ್ತಿದ್ದರೆಂದೂ ಅವನು ದಾಖಲಿಸಿದ್ದಾನೆ. ಅದನ್ನೂ ನಾವು ಮುಚ್ಚಿಡಬಾರದು.

ಮಹಮೂದ್ ಗವಾನನ ಬಗ್ಗೆ ಈ ಊರಿನಲ್ಲಿ ಹೇಳುವುದು ಕಷ್ಟ, ಏಕೆಂದರೆ ಎಲ್ಲರಿಗೂ ಗೊತ್ತು. ಗೀಲಾನಿನವನು, 1411ರಲ್ಲಿ ಹುಟ್ಟಿದವನು, 1453ರಲ್ಲಿ ವರ್ತಕನಾಗಿ ದಾಭೋಳದಲ್ಲಿ ಇಳಿದು ಬೀದರಕ್ಕೆ ಬಂದವನು. ಖಲಫ್ ಹಸನನಿಗಿದ್ದ ಮಲಿಕ್-ಉತ್-ತುಜ್ಜಾರ್ ಬಿರುದು ಅವನಿಗೂ ಬಂತು. 1466ರಿಂದ 1481ರವರೆಗೆ ರಾಜ್ಯದ ಆಡಳಿತ ಅವನ ಕೈಯಲ್ಲಿತ್ತು. ನಾಲ್ಕು ತರಫುಗಳನ್ನು, ಅಂದರೆ ಪ್ರಾಂತ್ಯಗಳನ್ನು, ಎಂಟು ಮಾಡಿದ, ತರಫುದಾರನ ಕೈಯಲ್ಲಿ ಒಂದೇ ಕೋಟೆ ಉಳಿಸಿದ, ಭೂಮಿ ಅಳೆಸಿದ, ಹಳ್ಳಿಗಳ ಗಡಿ ಗುರುತು ಮಾಡಿಸಿದ. ಇವನ್ನು ಆಡಳಿತ ಸುಧಾರಣೆ ಎಂದು ಓದುತ್ತೇವೆ. ನನಗೆ ಇದರಲ್ಲಿ ವರ್ತಕನ ಅಭ್ಯಾಸ ಕಾಣುತ್ತದೆ: ದಾಸ್ತಾನು ಎಷ್ಟಿದೆ ಎಂದು ಎಣಿಸದೆ ವ್ಯವಹಾರ ಮಾಡಬಾರದು, ಒಬ್ಬನೇ ಗುಮಾಸ್ತನ ಕೈಯಲ್ಲಿ ಎಲ್ಲ ಬೀಗದ ಕೈ ಇರಬಾರದು.

ಅವನು ಮಂತ್ರಿಯಾದ ಮೇಲೂ ವ್ಯಾಪಾರ ಬಿಡಲಿಲ್ಲ. ಆಟೋಮನ್ ಸಾಮ್ರಾಜ್ಯದ ಬುರ್ಸಾ ನಗರದ ನ್ಯಾಯಾಲಯದ ದಾಖಲೆಗಳಲ್ಲಿ ಅವನ ಗುಮಾಸ್ತರು ಭಾರತದ ಬಟ್ಟೆ ಮಾರಲು ಬಂದದ್ದು, ಅವರಲ್ಲಿ ಕೆಲವರು ಬಾಲ್ಕನ್ ಕಡೆಗೂ ಸರಕು ಒಯ್ದದ್ದು ಕಂಡುಬರುತ್ತದೆ. ಬೀದರದ ಮಂತ್ರಿಯ ಬಟ್ಟೆಯ ಗಂಟು ಯೂರೋಪಿನ ಬಾಗಿಲಿನವರೆಗೆ ಹೋಗಿತ್ತು! ಕುದುರೆಗೆ ಬದಲು ಈ ನಾಡು ಕೊಡಬಲ್ಲದ್ದು ಬರೀ ಬಂಗಾರವಲ್ಲ, ನೂಲು ಮತ್ತು ನೇಯ್ಗೆ ಕೂಡ ಎಂಬುದನ್ನು ಅವನು ಕಂಡುಕೊಂಡಿದ್ದ. ಆ ವಿಚಾರ ಬೆಳೆದು ರಾಜ್ಯದ ನೀತಿಯಾಗಿದ್ದರೆ ಹಳ್ಳಿಗಳ ಮೇಲಿನ ಭಾರ ಇಳಿಯುತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ಹಾಗೆ ಆಗಲಿಲ್ಲ. ಕಡಲಿನ ಬಾಗಿಲು ಗಟ್ಟಿಮಾಡುವುದಕ್ಕೇ ವರ್ಷಗಳು ಹಿಡಿದವು. ಖೇಳಣಾ, ಸಂಗಮೇಶ್ವರದ ಪಾಳೆಯಗಾರರು ವರ್ತಕರ ಹಡಗು ಹಿಡಿಯುತ್ತಿದ್ದರು. ಅವರ ಮೇಲಿನ ದಂಡಯಾತ್ರೆ 1469ರಿಂದ ನಡೆದು, 1472ರಲ್ಲಿ ಗೋವೆ ಕೈಗೆ ಬಂತು. ಅದೇ ವರ್ಷ ಬೀದರದಲ್ಲಿ ಅವನ ಮದರಸಾ ಮುಗಿಯಿತು: ಮೂರು ಅಂತಸ್ತು, 36 ಕೋಣೆ, 3,000 ಗ್ರಂಥಗಳ ಭಂಡಾರ. ಬಂದರು ಮತ್ತು ಮದರಸಾ ಒಂದೇ ಮನಸ್ಸಿನ ಎರಡು ಕೆಲಸ. ಒಂದರಿಂದ ಕುದುರೆ ಬರಬೇಕು, ಇನ್ನೊಂದಕ್ಕೆ ಇರಾನಿನ ವಿದ್ವಾಂಸರು ಬರಬೇಕು.

1481ರ ಏಪ್ರಿಲ್ 5ರಂದು ಕೊಂಡಪಲ್ಲಿಯಲ್ಲಿ ಸುಲ್ತಾನನ ಆಜ್ಞೆಯಿಂದ ಅವನ ತಲೆ ಉರುಳಿತು. ಮುದ್ರೆ ಕಾಯುವವನನ್ನು ಒಲಿಸಿಕೊಂಡು, ಖಾಲಿ ಕಾಗದಕ್ಕೆ ಗವಾನನ ಮೊಹರು ಒತ್ತಿಸಿ, ಒರಿಸ್ಸಾದ ರಾಜನಿಗೆ ಬರೆದ ದ್ರೋಹದ ಪತ್ರವೆಂದು ತೋರಿಸಿದರು. ಇಡೀ ಬದುಕು ಮೊಹರಿನ ನಂಬಿಕೆಯ ಮೇಲೆ, ಸಾವಿರಾರು ಹರದಾರಿ ದೂರದ ಗುಮಾಸ್ತನಿಗೆ ಕಳಿಸುವ ಕಾಗದದ ಮೇಲೆ ನಡೆಸಿದವನನ್ನು ಮೊಹರಿನಿಂದಲೇ ಕೊಂದರು. ಸುಲ್ತಾನ ಅವನ ಸಂಪತ್ತನ್ನು ಹುಡುಕಿಸಿದಾಗ ಸಿಕ್ಕಿದ್ದು ಬಹಳ ಕಡಿಮೆ. ಊರಿನಿಂದ ತಂದ 40,000 ಲಾರಿಯ ಮೂಲಧನವನ್ನು ವ್ಯಾಪಾರದಲ್ಲಿ ತೊಡಗಿಸಿ, ಅದರ ಲಾಭದಲ್ಲೇ ತನ್ನ ಊಟ, ದಾನ ನಡೆಸುತ್ತಿದ್ದ. ಜಾಗೀರಿನ ಹಣ ಸೈನ್ಯಕ್ಕೆ ಹೋಗುತ್ತಿತ್ತು ಎಂದು ಖಜಾಂಚಿ ಹೇಳಿದನೆಂದು ಫಿರಿಶ್ತಾ ಬರೆಯುತ್ತಾನೆ. ಲಾರಿ ಎಂದರೆ ಬೆಳ್ಳಿಯ ತಂತಿಯನ್ನು ಮಡಿಸಿ ಮಾಡಿದ ಪಾರಸಿ ಕಡಲಿನ ನಾಣ್ಯ. ಸರ್ಕಾರದ ಹಣ ಬೇರೆ, ಸ್ವಂತ ಹಣ ಬೇರೆ ಎಂಬ ಆ ಲೆಕ್ಕದ ಶುದ್ಧಿ ನನ್ನ ಮಟ್ಟಿಗೆ ಮದರಸಾದ ಮಿನಾರಿಗಿಂತ ಎತ್ತರದ್ದು.

ಹೇರೆತ್ತಿನ ದಾರಿ ಕುದುರೆಗಾಗಿ ಮಾತ್ರ ಇರಲಿಲ್ಲ ಎಂಬುದಕ್ಕೆ ಬರಗಾಲದ ಚರಿತ್ರೆ ನೋಡಬೇಕು. ಎರಡನೆಯ ಮುಹಮ್ಮದ್ ಶಾಹ (1378–1397), ರಾಜಧಾನಿ ಇನ್ನೂ ಗುಲ್ಬರ್ಗದಲ್ಲಿದ್ದಾಗ, ಬರ ಬಿದ್ದ ವರ್ಷಗಳಲ್ಲಿ ಮಾಳವ, ಗುಜರಾತುಗಳಿಂದ ಧಾನ್ಯ ತರಿಸಲು ಸರ್ಕಾರದ ಖರ್ಚಿನಲ್ಲಿ 10,000 ಎತ್ತುಗಳನ್ನು ನಿಯಮಿಸಿದ. ಒಂದು ಎತ್ತು ಒಂದೂವರೆ ಕ್ವಿಂಟಾಲಿಗಿಂತ ಹೆಚ್ಚು ಹೊರಲಾರದು ಎಂದುಕೊಂಡರೂ ಒಂದು ಸರತಿಗೆ 15,000 ಕ್ವಿಂಟಾಲ್. ಲಾಯದ ಕುದುರೆಗಿಂತ ಆ ಎತ್ತುಗಳೇ ರಾಜ್ಯದ ನಿಜವಾದ ಬಲ. ಅದೇ ವ್ಯವಸ್ಥೆ ಶಾಶ್ವತವಾಗಿ ನಿಲ್ಲಲಿಲ್ಲ ಎಂಬುದು ನೋವಿನ ಸಂಗತಿ. ಗವಾನನ ಕಾಲದಲ್ಲೇ, 1473ರ ಸುಮಾರಿಗೆ, ಎರಡು ವರ್ಷ ಮಳೆ ಕೈಕೊಟ್ಟಾಗ ಹಳ್ಳಿಗಳು ಬರಿದಾದವು. ಗೋವೆ ಗೆದ್ದ ಮರುವರ್ಷವೇ ಎರೆಹೊಲ ಸೋತಿತ್ತು. ಬೀದರದ ಚರಿತ್ರೆ ಬರೆದವರು ಗೋವೆಗೆ ಪುಟಗಳನ್ನು ಕೊಟ್ಟು ಬರಕ್ಕೆ ಸಾಲುಗಳನ್ನು ಕೊಟ್ಟರು. ಆ ಅಳತೆ ತಿದ್ದಬೇಕು.

ಮುಂದಿನದು ಬೇಗ ಹೇಳಬಹುದು. ಗವಾನನ ಸಾವಿನ ಮರುವರ್ಷ ಸುಲ್ತಾನನೂ ಸತ್ತ; ತರಫುಗಳು ಒಂದೊಂದಾಗಿ ರಾಜ್ಯಗಳಾದವು, ಬೀದರ ಬರೀದ್ ಮನೆತನದ ಪಾಲಿಗೆ ಉಳಿಯಿತು. ಒಳಜಗಳದ ಕಥೆ ಎಲ್ಲ ಪುಸ್ತಕದಲ್ಲೂ ಇದೆ. ಅದರ ಪಕ್ಕದಲ್ಲಿ ಎರಡು ವರ್ಷಗಳನ್ನು ಬರೆದುಕೊಳ್ಳಿ: 1510, ಪೋರ್ಚುಗೀಸರು ಗೋವೆ ಹಿಡಿದರು; 1515, ಹೊರ್ಮುಜ್ ಹಿಡಿದರು. ಕುದುರೆ ಹೊರಡುವ ಬಾಗಿಲು, ಇಳಿಯುವ ಬಾಗಿಲು ಎರಡೂ ಒಬ್ಬನೇ ಮೂರನೆಯವನ ಕೈಗೆ ಹೋದವು. ಪರವಾನಗಿ ಚೀಟಿಯಿಲ್ಲದೆ ಹಡಗು ನಡೆಯದು, ಸುಂಕ ಕಟ್ಟದೆ ಕುದುರೆ ಇಳಿಯದು. ಬೀದರದಂಥ ಒಳನಾಡಿನ ಊರಿಗೆ ಕಡಲೊಡನೆ ಇದ್ದ ನೇರ ನಂಟು ತುಂಡಾಯಿತು. 1619ರಲ್ಲಿ ಬಿಜಾಪುರ ಬೀದರವನ್ನು ನುಂಗಿತು, 1657ರಲ್ಲಿ ಔರಂಗಜೇಬ ಗೆದ್ದು ಜಫರಾಬಾದ್ ಎಂದ, 1724ರ ನಂತರ ನಿಜಾಮರ ಸೀಮೆ.

ದಾರಿ ಸೊರಗಿದ ಮೇಲೂ ಊರು ತನ್ನ ಕೈಯಲ್ಲಿ ಉಳಿಸಿಕೊಂಡದ್ದು ಬಿದ್ರಿ. ಆ ಕಸುಬೇ ಒಂದು ಸಾರ್ಥದ ಲೆಕ್ಕಪತ್ರ. ಸತು ದೂರದ್ದು, ಈ ದೇಶದಲ್ಲಿ ಸತು ಕರಗಿಸುತ್ತಿದ್ದ ಹೆಸರಾದ ಜಾಗ ರಾಜಸ್ಥಾನದ ಜಾವರ. ಬೆಳ್ಳಿ ಕಡಲಾಚೆಯದು. ವಿನ್ಯಾಸದ ಬಳ್ಳಿ, ಹೂವು ಇರಾನಿನ ಕಡೆಯವು. ಇಲ್ಲಿನದು ಕೈ ಮತ್ತು ಮಣ್ಣು. ಸತುವಿಗೆ ಚೂರು ತಾಮ್ರ ಬೆರೆಸಿ ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಕುಶಲಕರ್ಮಿ ಬರಿಗೈಯಲ್ಲಿ ಚಿತ್ರ ಗೀರುತ್ತಾನೆ. ಉಳಿಯಿಂದ ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿ ಕೂರಿಸಿ, ಸಣ್ಣ ಸುತ್ತಿಗೆಯಿಂದ ತಟ್ಟಿ, ಮತ್ತೆ ಉಜ್ಜುತ್ತಾನೆ. ಈಗ ಎಲ್ಲವೂ ಬಿಳಿ, ಚಿತ್ರ ಮಾಯ. ಕೊನೆಗೆ ಕೋಟೆಯೊಳಗಿನ ಹಳೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನಲ್ಲಿ ಬಿಸಿಯಾದ ಪಾತ್ರೆ ಮುಳುಗಿಸಿದರೆ ಸತು ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದೆ. 2006ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. 2023ರಲ್ಲಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಗೌರವ ಬಂದದ್ದು ಸಂತೋಷ. ಬೆಳ್ಳಿಯ ಬೆಲೆ ಏರಿದ ಪ್ರತಿ ಸಲವೂ ಕುಸುರಿಯವನ ಕೂಲಿಯಲ್ಲೇ ಕಡಿತ ಮಾಡುವುದು ನಿಂತರೆ ಇನ್ನೂ ಸಂತೋಷ. ಆ ಹಳೆಯ ಪ್ರಶ್ನೆ ಇಲ್ಲೂ ಇದೆ: ದೂರದ ಸರಕಿನ ಬೆಲೆಯನ್ನು ಕೊಡುವವನು ಹತ್ತಿರದ ಕೆಲಸಗಾರ.

ಬಂಜಾರರ ಎತ್ತಿನ ಸಾಲು ಇನ್ನೂ ಕೆಲವು ಶತಮಾನ ನಡೆಯಿತು. ಹದಿನೇಳನೆಯ ಶತಮಾನದಲ್ಲಿ ಫ್ರೆಂಚ್ ವರ್ತಕ ತವೆರ್ನಿಯೆ ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲು ಎದುರಾದರೆ ದಾರಿ ಬಿಡಲು ಎರಡು ಮೂರು ದಿನ ಕಾಯಬೇಕಾಗುತ್ತಿತ್ತು ಎಂದಿದ್ದಾನೆ. ರೈಲು ಬಂದ ಮೇಲೆ ಆ ಕಸುಬು ಹೋಯಿತು. ಔರಾದ ತಾಲ್ಲೂಕಿನ ತಾಂಡಾಗಳಲ್ಲಿ ಇಂದು ಬದುಕುತ್ತಿರುವವರು ಈ ನಾಡಿಗೆ ಉಪ್ಪು, ಧಾನ್ಯ ಹೊತ್ತು ತಂದವರ ಮಕ್ಕಳು. ಬಹಮನಿ ಚರಿತ್ರೆಯಲ್ಲಿ ಅವರಿಗೂ ಒಂದು ಅಧ್ಯಾಯ ಸಲ್ಲಬೇಕು, ಅದನ್ನು ಬರೆಯಬೇಕಾದವರು ಆ ತಾಂಡಾಗಳಿಂದ ಕಾಲೇಜಿಗೆ ಬಂದಿರುವ ವಿದ್ಯಾರ್ಥಿಗಳು.

ಕೊನೆಯದಾಗಿ ಹತ್ತಿರದ ಒಂದು ಸಂಗತಿ. 1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಬೀದರ, ಭಾಲ್ಕಿ, ಹುಮನಾಬಾದ, ಸಂತಪುರ ಎಂದು ಆಗ ಕರೆಯುತ್ತಿದ್ದ ಔರಾದ ನಮ್ಮ ಕಡೆ ಬಂದವು. ಉದಗೀರ, ನಿಲಂಗಾ, ಅಹಮದಪುರ ಮರಾಠಿ ಸೀಮೆಗೆ, ಜಹೀರಾಬಾದ, ನಾರಾಯಣಖೇಡ ತೆಲುಗು ಸೀಮೆಗೆ ಹೋದವು. ಭಾಷೆಯ ನ್ಯಾಯ ಅದು, ಅದರ ಬಗ್ಗೆ ತಕರಾರಿಲ್ಲ. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕಷ್ಟಕ್ಕೆ ಫಲ ಸಿಕ್ಕಿತು. ಆದರೆ ಪೇಟೆಯ ಸಂಬಂಧಗಳನ್ನು ಆಗ ಯಾರೂ ಅಳೆಯಲಿಲ್ಲ. ಔರಾದದ ಎಷ್ಟೋ ಹಳ್ಳಿಗಳಿಗೆ ಉದಗೀರದ ಅಡತಿ ಅಂಗಡಿಯೇ ಹತ್ತಿರ. ರೈತ ಇಂದಿಗೂ ಸೋಯಾ, ತೊಗರಿ ಹೇರಿಕೊಂಡು ಗಡಿ ದಾಟುತ್ತಾನೆ. ಬೆಂಬಲ ಬೆಲೆ, ಬೆಳೆವಿಮೆ ಮಾತ್ರ ಗಡಿಯ ಈಚೆ ಉಳಿಯುತ್ತವೆ. 2017ರ ಅಕ್ಟೋಬರ್ 29ರಂದು ಬೀದರ–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದಾಗ ಎರಡು ಹಳೆಯ ರಾಜಧಾನಿಗಳ ನಡುವೆ, ಸುಮಾರು 110 ಕಿಲೋಮೀಟರ್, ಮೊದಲ ಬಾರಿ ಹಳಿ ಬಿತ್ತು. ಕುಲೂಂಗೀರ ಎಂಬ ಊರನ್ನು ಹಾಯುವ ಆ ದಾರಿ ನಿಕಿತಿನ್‌ನ ಲೆಕ್ಕದಲ್ಲಿ ಹತ್ತು ದಿನದ್ದು. ಆ ಮಾರ್ಗ ಕಲಬುರಗಿಯ ಕಡೆಗೆ ನಮ್ಮನ್ನು ಒಯ್ಯುತ್ತದೆ. ಔರಾದದಿಂದ ಬಡಗಣಕ್ಕೆ ಹೋಗುವವನ ಸಮಸ್ಯೆ ಹಾಗೆಯೇ ಇದೆ.

ಈ ಚರಿತ್ರೆಯ ಹಳ್ಳಿಯ ಭಾಗ ಪಾರಸಿ ಗ್ರಂಥಗಳಲ್ಲಿ ಸಿಗುವುದಿಲ್ಲ. ಅದು ಸಿಗಬೇಕಾದದ್ದು ದೇಶಮುಖ, ದೇಶಪಾಂಡೆ, ಕುಲಕರ್ಣಿ ಮನೆತನಗಳ ಮೋಡಿ ಲಿಪಿಯ ಕಡತಗಳಲ್ಲಿ, ಅಡತಿ ಅಂಗಡಿಗಳ ಹಳೆಯ ಖತಾವಣಿಗಳಲ್ಲಿ, ಮಠ ಮತ್ತು ದರ್ಗಾಗಳ ಇನಾಮು ಕಾಗದಗಳಲ್ಲಿ, ಜಾತ್ರೆಯ ಸುಂಕದ ಲೆಕ್ಕದಲ್ಲಿ. ಭಾಲ್ಕಿ, ಔರಾದದ ಹಳೆಯ ಮನೆಗಳ ಅಟ್ಟದ ಮೇಲೆ ಇಂಥ ಗಂಟುಗಳು ಇನ್ನೂ ಇವೆ. ಇಲ್ಲಿ ಕುಳಿತಿರುವ ಅಧ್ಯಾಪಕರು ಪ್ರತಿ ವರ್ಷ ಇಬ್ಬರು ವಿದ್ಯಾರ್ಥಿಗಳಿಗೆ ಮೋಡಿ, ಇಬ್ಬರಿಗೆ ಶಿಕಸ್ತ ಉರ್ದು ಓದಲು ಕಲಿಸುವ ಏರ್ಪಾಡು ಮಾಡಿದರೆ, ಈ ಉಪನ್ಯಾಸ ನಡೆಸುವ ದತ್ತಿಯ ಹಣದಲ್ಲಿ ಒಂದು ಪಾಲು ಅದಕ್ಕೆ ಸಲ್ಲಲಿ ಎಂದು ದಾನಿಗಳ ಕುಟುಂಬವನ್ನು ಕೇಳಿಕೊಳ್ಳುತ್ತೇನೆ. ಓದಬಲ್ಲ ಹಿರಿಯರು ಬೀದರ, ಭಾಲ್ಕಿ, ಔರಾದ ಮೂರೂ ಊರುಗಳಲ್ಲಿ ಇನ್ನೂ ಇದ್ದಾರೆ. ಕಲಿಸಿ ಎಂದು ಹೋಗಿ ಕೇಳಿದರೆ ಇಲ್ಲವೆನ್ನುವವರಲ್ಲ.